ಲೆಕ್ಕಕ್ಕೆ ಸಿಗದ ಏಳು ಕೋಳಿ

ಕಳೆದ ವಾರ ಅಮೆರಿಕದ ಕೋಳಿಗಳು ಯಲ್ಲಾಪುರಕ್ಕೆ ಬಂದು ನನ್ನ ಮಾನ ಕಳೆದವು.

ಗಾಬರಿಯಾಗಬೇಡಿ, ಬಂದದ್ದು ಕಾಗದದ ಮೇಲೆ. ಬ್ಲಾಕ್ ಆಫೀಸಿನ ಸಭೆಗೆ ಊರಿನ ಗಣ್ಯರೆಂದು ನನ್ನನ್ನೂ ಕರೆದಿದ್ದರು. (ಬಟ್ಟೆ ಅಂಗಡಿಯವನು ಗಣ್ಯನಾಗುವುದು ಸಭೆಗೆ ಜನ ಕಡಿಮೆ ಬಿದ್ದಾಗ.) ಗೋಡೆಗೆ ದೊಡ್ಡ ಚಾರ್ಟ್. ಮೇಲೆ ಅಮೆರಿಕದ ಕೋಳಿ ಮಾಂಸದ ಉತ್ಪಾದನೆ, ಕೆಳಗೆ ನಮ್ಮದು. ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದಂದಿನಿಂದ ವರ್ಷಕ್ಕೊಂದು ಬಣ್ಣದ ಪಟ್ಟೆ. ಅವರದು ಬೆಳೆಬೆಳೆದು ಕಾಗದದ ಅಂಚು ಮುಟ್ಟಿತ್ತು. ನಮ್ಮದು ಅಂದೂ ಹೆಬ್ಬೆರಳಿನಷ್ಟು, ಈಗಲೂ ಹೆಬ್ಬೆರಳಿನಷ್ಟೇ.

ನನಗೆ ಅನುಮಾನ ಬಂತು. ನಾನು ಒಂದು ಗಜಕಡ್ಡಿಯನ್ನು ಇನ್ನೊಂದು ಗಜಕಡ್ಡಿಯಿಂದ ಅಳೆದು ನೋಡುವ ಪ್ರಾಣಿ. ನೆಂಟರು ಬಂದಾಗ ಊರೂರಲ್ಲಿ ಕೊಯ್ದ ಕೋಳಿಯನ್ನು ತೂಗಿದವರು ಯಾರು? ಪಕ್ಕದ ಹಳ್ಳಿ ನಂದೊಳ್ಳಿಯ ಸಾರಿನ ಪಾತ್ರೆಯೊಳಗೆ ಯಾವ ಸರ್ಕಾರ ತಕ್ಕಡಿ ಇಳಿಸಿತ್ತು? ಅಮೆರಿಕದವರ ಲೆಕ್ಕವಾದರೂ ನಿಜವೋ, ನಮ್ಮೆದುರು ಮೀಸೆ ತಿರುವಲು ಗೀಚಿದ್ದೋ?

ಎದ್ದು ಕೇಳಬೇಕು ಎನ್ನುವಷ್ಟರಲ್ಲಿ ಗ್ರಾಮಸೇವಕರು ವಿದೇಶಿ ತಳಿಯ ಬಿಳಿ ಕೋಳಿಮರಿ ಸಿಗುವವರ ಹೆಸರು ಓದಿದರು. ಜೈನಾಬಿಯ ಹೆಸರು ಇರಲಿಲ್ಲ.

ಜೈನಾಬಿ ನಮ್ಮ ಹಿತ್ತಲಿನಾಚೆಯ ಮನೆಯವಳು. ಲಾರಿ ಓಡಿಸುತ್ತಿದ್ದ ಗಂಡ ಘಟ್ಟದ ತಿರುವಿನಲ್ಲಿ ತೀರಿಕೊಂಡ. ಮರಿ ಸಿಕ್ಕರೆ ಅದನ್ನೇ ನಂಬಿ ಬದುಕಬಹುದೆಂದು ಬಿದಿರಿನ ಗೂಡು ಕಟ್ಟಿಟ್ಟು, ಅಂದು ಬುಟ್ಟಿ ಸಮೇತ ಬಂದು ಬಾಗಿಲ ಬಳಿ ಕೂತಿದ್ದಳು. ಅವಳ ಹೆಸರೇಕಿಲ್ಲ ಎಂದು ಕೇಳಿದ್ದಕ್ಕೆ ಗ್ರಾಮಸೇವಕರು ರಿಜಿಸ್ಟರ್ ತೋರಿಸಿದರು. ಸ್ವಂತ ಕೋಳಿ ಇಲ್ಲ, ಸಾಕಿದ ಅನುಭವವಿಲ್ಲ ಎಂದು ಅವಳ ಹೆಸರಿನ ಮುಂದೆ ಬರೆದಿತ್ತು.

ಅನುಭವವಿಲ್ಲವೇ? ಏಳು ಕೋಳಿಗಳು ದಿನಾ ಅವಳ ಅಂಗಳ ಕೆದಕುತ್ತವೆ! ತೆರಿಗೆ ಹಾಕುತ್ತಾರೆಂದು ಹೆದರಿ ಸುಳ್ಳು ಹೇಳಿದಳೇ? ಹೊರಗೆ ಬಂದು ಗಟ್ಟಿಯಾಗಿಯೇ ಕೇಳಿದೆ.

"ಪಾಲಿನ ಕೋಳಿ ನಂದು ಅಂತ ಹೆಂಗೆ ಬರೆಸ್ಲಿ ಸಾವ್ಕಾರ್ರೆ?" ಎಂದಳು. "ನಿಮ್ದು ಅಂದ್ರೆ ನಿಮ್ಮ ಮನೆ ಮರ್ಯಾದೆ ಹೋಗ್ತದೆ. ಅದಕ್ಕೆ, ನಂದು ಯಾವ್ದೂ ಇಲ್ಲ ಅಂದೆ."

ಇನ್ನು ನಾನು ಬಾಯಿ ಬಿಡಲೇಬೇಕು. ಹೋದ ವರ್ಷ ಮಗಳು ಜ್ವರದಿಂದ ಸೊರಗಿದಾಗ ಡಾಕ್ಟರು ದಿನಕ್ಕೊಂದು ಮೊಟ್ಟೆ ಕೊಡಿ ಎಂದರು. ನಾವು ಬನವಾಸಿ ಕಡೆಯವರು, ಲಿಂಗ ಕಟ್ಟಿಕೊಂಡವರು. ಗುಟ್ಟಾಗಿ ಏಳು ಹೇಂಟೆ ತಂದು ಜೈನಾಬಿಗೆ ಪಾಲಿಗೆ ಕೊಟ್ಟೆ. ಕೋಳಿ ನನ್ನದು, ಸಾಕಣೆ ಅವಳದು. ಮೊಟ್ಟೆ ಅರ್ಧರ್ಧ, ಬೆಳೆದ ಹುಂಜಗಳೆಲ್ಲ ಅವಳ ಒಲೆಗೆ. ಹಾಲಿನಲ್ಲಿ ಕದಡಿ ಕೊಡುವುದನ್ನು ನಮ್ಮವ್ವ ಟಾನಿಕ್ ಎಂದೇ ನಂಬಿದ್ದಾಳೆ. (ಅವಳಿಗೆ ಪತ್ರಿಕೆ ಓದಿ ಹೇಳುವವರು ದಯವಿಟ್ಟು ಈ ವಾರ ಬೇರೆ ಪುಟ ಓದಿ.)

ಕೋಳಿ ಎಣಿಸಲು ಗ್ರಾಮಸೇವಕರು ನಮ್ಮ ಬಾಗಿಲಿಗೂ ಬಂದಿದ್ದರು. ನಮ್ಮ ಮನೆಯಲ್ಲಿ ಕೋಳಿಯೇ ಎಂದು ಅವರ ಮೇಲೆಯೇ ರೇಗಿ ಕಳಿಸಿದ್ದೆ. ಅವಳೂ ನನ್ನದಲ್ಲ ಎಂದಳು, ನಾನೂ ನನ್ನದಲ್ಲ ಎಂದೆ. ಏಳು ಹೇಂಟೆ, ಮೇಲೆ ಅವಳ ಸಾರಿಗೆ ಬಿದ್ದ ಹುಂಜಗಳು, ಎಲ್ಲವೂ ಎರಡು ಹಿತ್ತಲುಗಳ ನಡುವೆ ದೇಶದ ಲೆಕ್ಕದಿಂದ ಮಾಯವಾದವು. ನನ್ನಂಥ ಮರ್ಯಾದಸ್ಥರು ಶಿರಸಿಯಲ್ಲಿ ಎಷ್ಟಿದ್ದಾರೋ, ಸಿದ್ದಾಪುರದಲ್ಲಿ ಎಷ್ಟೋ?

ಸಭೆಗೆ ಮರಳಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಪಕ್ಕದಲ್ಲೇ ನಮ್ಮ ಸಮಾಜದ ಹಿರಿಯರು ಕೂತಿದ್ದರು. ನಾನು ಚಾರ್ಟನ್ನೇ ನೋಡುತ್ತ ಕೂತೆ. ಜೈನಾಬಿ ಖಾಲಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ನಾಚಿಕೆಯಾಯಿತು. ಬರೆಯುವಾಗ ಈಗಲೂ ಆಗುತ್ತಿದೆ.

ಮರುದಿನ ಗ್ರಾಮಸೇವಕರನ್ನು ಅಂಗಡಿಗೆ ಕರೆದು ಮೆಲ್ಲಗೆ ಎಲ್ಲ ಹೇಳಿದೆ. ಹಾವೇರಿ ಕಡೆಯ ಮನುಷ್ಯ, ಸುತ್ತಮುತ್ತ ನೋಡಿ ನಕ್ಕರು.

"ಬಾಯಿಮಾತು ನಡೆಯಂಗಿಲ್ರೀ ಸಾವ್ಕಾರ್ರ. ಬರದು ಕೊಡ್ರಿ."

ಇದೋ, ಬರೆದಿದ್ದೇನೆ. ಆ ಏಳು ಕೋಳಿ ನನ್ನವು. ಸಾಕಿದವಳು ಜೈನಾಬಿ. ಅವಳ ಹೆಸರು ಸೇರಿಸಿ, ಮರಿ ಕೊಡಿ.

ಚಾರ್ಟಿನ ಮೇಲಿನ ಅನುಮಾನ ಮಾತ್ರ ಇನ್ನೂ ಹೋಗಿಲ್ಲ. ಅಮೆರಿಕದಲ್ಲಿ ಹೆಚ್ಚಿರುವುದು ಕೋಳಿಯೋ, ಇಲ್ಲ, ‘ಕೋಳಿ ನನ್ನದು’ ಎನ್ನುವವರೋ?