ಮೊದಲು ಸಾರಿ ಹೇಳಿದವಳು

ನನ್ನ ಮಗಳು ಆಡುತ್ತಿದ್ದದ್ದು ಐರ್ಲೆಂಡಿನವರ ಫುಟ್‌ಬಾಲ್. ಗೇಲಿಕ್ ಫುಟ್‌ಬಾಲ್ ಅಂತ ಹೆಸರು. ಕುವೈತಿನ ನಮ್ಮ ಕನ್ನಡ ಕೂಟದಲ್ಲಿ ಈ ಮಾತು ಎತ್ತಿದರೆ ಸಾಕು, ಹೆಂಗಸರು "ಅದೇನ್ರೀ ಅದು, ಹೆಣ್ಮಕ್ಳು ಆಡೋದಾ?" ಎಂದು ಹುಬ್ಬೇರಿಸುತ್ತಿದ್ದರು. ನನಗೂ ಮೊದಮೊದಲು ತಲೆಬುಡ ಅರ್ಥವಾಗಿರಲಿಲ್ಲ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾರಿಸಿದರೆ ಒಂದು ಅಂಕ, ಕೆಳಗಿನ ಬಲೆಗೆ ಹೊಡೆದರೆ ಮೂರು. ಓಡುತ್ತಲೇ ಚೆಂಡನ್ನು ಕಾಲ ತುದಿಯಿಂದ ಮತ್ತೆ ತನ್ನ ಕೈಗೇ ಚಿಮ್ಮಿಸಿಕೊಳ್ಳಬೇಕು. ಅದನ್ನು ಇವಳು ಖೈತಾನಿನ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಅಭ್ಯಾಸ ಮಾಡಿ, ಟೀವಿಯ ಪಕ್ಕದ ಗಣಪತಿಯನ್ನು ಉರುಳಿಸಿ, ಕೆಳಗಿನ ಮನೆಯವರಿಂದ ದೂರು ತರಿಸಿದ್ದಳು.

ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಐರಿಷ್ ಮೇಷ್ಟ್ರೊಬ್ಬರು ತಮ್ಮ ಊರಿನವರ ಮಕ್ಕಳನ್ನೆಲ್ಲ ಸೇರಿಸಿ ಒಂದು ಕ್ಲಬ್ ಕಟ್ಟಿದ್ದರು. ಹುಡುಗಿಯರ ತಂಡಕ್ಕೆ ಆಳು ಸಾಲದೆ ಇವಳನ್ನೂ ಕರೆದರು. ಸುಮ್ಮನೆ ಲೆಕ್ಕಕ್ಕೆ ನಿಂತವಳು ಒಂದೆರಡು ವರ್ಷದಲ್ಲಿ ಅವರೆಲ್ಲರಿಗಿಂತ ಚೆನ್ನಾಗಿ ಆಡತೊಡಗಿದಳು. ಇದನ್ನು ನಾನು ತಾಯಿಯಾಗಿ ಹೇಳುತ್ತಿಲ್ಲ, ಮೇಷ್ಟ್ರೇ ಹೇಳಿದ್ದು. ಇರಲಿ, ತಾಯಿಯಾಗಿಯೂ ಹೇಳುತ್ತೇನೆ, ಏನೀಗ?

ಅವಳು ಹನ್ನೆರಡನೇ ಕ್ಲಾಸಿನಲ್ಲಿದ್ದ ವರ್ಷ ದುಬೈಯಲ್ಲಿ ಗಲ್ಫಿನ ತಂಡಗಳೆಲ್ಲ ಸೇರುವ ಪಂದ್ಯಾವಳಿ ಇತ್ತು. ಆಮೇಲೆ ಕಾಲೇಜಿಗೆ ಮೈಸೂರಿಗೆ ಹೋಗುವವಳು. "ಅಲ್ಲಿ ಈ ಗೇಮ್ ಯಾರು ಆಡ್ತಾರೆ ಅಮ್ಮ? ದಿಸ್ ಈಸ್ ಮೈ ಲಾಸ್ಟ್ ಒನ್," ಎನ್ನುತ್ತಿದ್ದಳು. ಆ ಒಂದು ಪಂದ್ಯಾವಳಿಗಾಗಿ ಶುಕ್ರವಾರದ ನಿದ್ದೆ, ಗೆಳತಿಯರ ಹುಟ್ಟುಹಬ್ಬ, ನನ್ನ ಕೈಯ ಮಸಾಲೆ ದೋಸೆ, ಎಲ್ಲವನ್ನೂ ಬಿಟ್ಟಿದ್ದಳು.

ಅದಕ್ಕೆ ಕೆಲವು ವಾರ ಮುಂಚೆ ಇಲ್ಲೇ ಇನ್ನೊಂದು ತಂಡದ ಜೊತೆ ಒಂದು ಪಂದ್ಯವಾಯಿತು. ಎದುರಿನ ಹುಡುಗಿಯೊಬ್ಬಳು ನಮ್ಮವಳ ಜೀವದ ಗೆಳತಿಯನ್ನು ಕುತ್ತಿಗೆ ಹಿಡಿದು ಕೆಡವಿದಳು. ಗೆಳತಿ ಎದ್ದವಳೇ ಮುಷ್ಟಿ ಬಿಗಿದು ಮುಖಕ್ಕೆ ಬಿಟ್ಟಳು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ, ಕಣ್ಣಾರೆ ಕಂಡೆ. ಆಮೇಲೆ ಎರಡೂ ಕಡೆಯವರು ಮೇಲೆ ಬಿದ್ದರು. ಜಡೆ, ಜೆರ್ಸಿ, ಮೊಣಕೈ, ಒಂದೂ ಗೊತ್ತಾಗದ ಹಾಗೆ ಗುಂಪು. ನನ್ನ ಮಗಳು ಓಡಿದ್ದು ಗೆಳತಿಯನ್ನು ಎಳೆದು ತರಲಿಕ್ಕೆ. ಗುಂಪಿನ ಒಳಗೆ ಏನಾಯಿತೋ ನನಗೆ ಕಾಣಲಿಲ್ಲ. ಹೊರಗೆ ಬಂದಾಗ ಅವಳ ತುಟಿ ಒಡೆದಿತ್ತು.

"ಹೊಡೆದ್ಯಾ?" ಎಂದು ಕೇಳಿದೆ.

"ಇಲ್ಲ ಅಮ್ಮ. ಬಿಡಿಸ್ತಿದ್ದೆ, ಐ ಸ್ವೇರ್."

ಯಾರೋ ಫೋನಿನಲ್ಲಿ ತೆಗೆದ ವಿಡಿಯೋ ಸಂಜೆಯೊಳಗೆ ಎಲ್ಲರಿಗೂ ತಲುಪಿತು. ಅದರಲ್ಲಿ ಬರೀ ಬೆನ್ನುಗಳು. ಗೆಳತಿಯ ಮುಷ್ಟಿ ಯಾರದೋ ಬೆನ್ನಿನ ಹಿಂದೆ ಮರೆಯಾಗಿತ್ತು. ನನ್ನ ಮಗಳ ಕೈ ಮಾತ್ರ ಎದುರಿನವಳ ಜೆರ್ಸಿಯ ಮೇಲೆ ಕಾಣುತ್ತಿತ್ತು. ಕ್ಲಬ್ಬಿನವರು ವಿಚಾರಣೆ ಇಟ್ಟರು. ಮಕ್ಕಳು ಅಪ್ಪ ಅಮ್ಮನ ಜೊತೆ ಒಬ್ಬೊಬ್ಬರಾಗಿ ಬಂದು ಮೇಷ್ಟ್ರು ಮತ್ತು ಇಬ್ಬರು ಪೋಷಕರ ಸಮಿತಿಯ ಮುಂದೆ ಮಾತಾಡಬೇಕು.

ಇಲ್ಲಿ ನನ್ನ ಗಂಡನ ಬಗ್ಗೆ ಹೇಳಬೇಕು. ಅವರು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಸುರಕ್ಷತಾ ವಿಭಾಗದ ಎಂಜಿನಿಯರ್. ಅವರ ಕೆಲಸದಲ್ಲಿ ಒಂದು ಸಣ್ಣ ಅಚಾತುರ್ಯವಾದರೂ ತಾನೇ ಮೊದಲು ಹೋಗಿ ಹೇಳಿದವನಿಗೆ ರಿಯಾಯಿತಿ, ಮುಚ್ಚಿಟ್ಟವನಿಗೆ ಗ್ರಹಚಾರ. ಅದು ಅವರಿಗೆ ರಕ್ತದಲ್ಲೇ ಇಳಿದುಬಿಟ್ಟಿದೆ. ಅದರ ಜೊತೆಗೆ ಭಯ. ಪಾರ್ಕಿಂಗ್ ಜಾಗಕ್ಕೆ ಜಗಳವಾಡಿ ಪೊಲೀಸ್ ಠಾಣೆ ಹತ್ತಿ ಊರಿಗೆ ಗಂಟುಮೂಟೆ ಕಟ್ಟಿದವರ ಕಥೆಗಳನ್ನು ಕೇಳಿ ಕೇಳಿ, ಜಗಳ ಎಂಬ ಶಬ್ದ ಕಿವಿಗೆ ಬಿದ್ದರೆ ಅವರ ಕೈ ತಾನಾಗಿ ಜೇಬಿನ ಇಕಾಮಾ ಕಾರ್ಡನ್ನು, ಅಂದರೆ ಈ ದೇಶದಲ್ಲಿ ಇರಲು ಕೊಟ್ಟ ಪರವಾನಗಿಯನ್ನು, ಮುಟ್ಟಿ ನೋಡುತ್ತದೆ. ಆ ಐರಿಷ್ ಮಂದಿಗೂ ಇಕಾಮಾವೇ. ಅವರು ಹೆದರಲಿಲ್ಲ, ನಾವು ಹೆದರಿದೆವು.

"ರೀ, ಅವಳು ಹೊಡೆದಿಲ್ಲ ಅಂತಿದ್ದಾಳಲ್ಲ!" ಎಂದೆ, ವಿಚಾರಣೆಗೆ ಹೋಗುವಾಗ ಕಾರಿನಲ್ಲಿ.

"ನೀನು ಸುಮ್ನಿರೇ. ಎದುರಿನ ಹುಡುಗಿಯ ಅಪ್ಪ ಎಂಥೋನೋ ಏನೋ. ಕಂಪ್ಲೇಂಟ್ ಕೊಟ್ರೆ? ನಾವೇ ಮೊದ್ಲು ಸಾರಿ ಹೇಳಿದ್ರೆ ಅಲ್ಲಿಗೆ ಖಲಾಸ್. ಪುಟ್ಟಿ, ವಿಡಿಯೋದಲ್ಲಿ ನಿನ್ನ ಕೈ ಕಾಣ್ತಿದೆ ಕಣಮ್ಮ. ಸಾರಿ ಹೇಳಿಬಿಡು."

"ಬಟ್ ಅಪ್ಪ, ನಾನು ಬಿಡಿಸ್ತಿದ್ದೆ."

"ನೋಡಿದವರಿಗೆ ಹಾಗೆ ಕಾಣಲ್ಲ."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಇಳಿಯುವಾಗ ನನ್ನ ಕಿವಿಯಲ್ಲಿ, "ಅಪ್ಪಾನೇ ನಂಬ್ತಿಲ್ಲ. ಅವರು ಹೇಗಮ್ಮ ನಂಬ್ತಾರೆ?" ಎಂದಳು.

ಒಳಗೆ ಹೋದದ್ದೇ ತಡ, ಅವರು ಪ್ರಶ್ನೆ ಕೇಳುವ ಮೊದಲೇ ನನ್ನ ಗಂಡ ಎದ್ದು ನಿಂತು, ತಪ್ಪಾಗಿದೆ, ಪೂರ್ತಿ ಜವಾಬ್ದಾರಿ ನಮ್ಮದು ಎಂದುಬಿಟ್ಟರು. ಮಗಳು ಅವರ ಮುಖವನ್ನೇ ನೋಡಿದಳು. ಆಮೇಲೆ ಒಡೆದ ತುಟಿಯಲ್ಲೇ ಸಾರಿ ಹೇಳಿದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಮೇಷ್ಟ್ರು ಥ್ಯಾಂಕ್ಸ್ ಹೇಳಿ ಬಾಗಿಲು ತೋರಿಸಿದ್ದರು.

ಉಳಿದವರ ಅಪ್ಪ ಅಮ್ಮಂದಿರು ಹಾಗೆ ಮಾಡಲಿಲ್ಲ. ನಮ್ಮ ಹುಡುಗಿ ಹೊಡೆದದ್ದು ಎಲ್ಲಿ ಕಾಣುತ್ತದೆ, ತೋರಿಸಿ ಎಂದು ಕೂತರು. ಗೆಳತಿಯ ಮನೆಯವರೂ ಅಷ್ಟೇ. ತೀರ್ಪು ಬಂತು. ಉಳಿದವರಿಗೆಲ್ಲ ಎಚ್ಚರಿಕೆ. ನನ್ನ ಮಗಳಿಗೆ ಆ ವರ್ಷ ಪೂರ್ತಿ ಆಟವಿಲ್ಲ.

ನಾನು ಬಿಡುತ್ತೇನೆಯೇ? ನೇರ ಮೈದಾನಕ್ಕೇ ಹೋದೆ. ಮೇಷ್ಟ್ರು ಕೆಟ್ಟವರಲ್ಲ. ತಪ್ಪು ಒಪ್ಪಿಕೊಂಡವಳು ಇವಳೊಬ್ಬಳೇ, ಉಳಿದವರ ಮೇಲೆ ಇರುವುದು ಬರೀ ಅನುಮಾನ, ಅನುಮಾನದ ಮೇಲೆ ಶಿಕ್ಷೆ ಕೊಡಲಾಗುವುದಿಲ್ಲ ಎಂದರು.

"ಹಾಗಾದರೆ ಬಾಯಿ ಮುಚ್ಚಿಕೊಂಡವರಿಗೆ ದುಬೈ, ಸಾರಿ ಹೇಳಿದವಳಿಗೆ ಮನೆ. ಒಂದೇ ಗಲಾಟೆ, ಒಂದೇ ವಿಡಿಯೋ. ಇದೇನಾ ನಿಮ್ಮ ನ್ಯಾಯ?" ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಬಾಯಿಗೆ ಬಂದಂತೆ ಕೇಳಿದೆ. ಹೊಡೆದದ್ದು ಯಾರೆಂದು ಹೇಳಲೇ ಎಂದೂ ಕೇಳಿದೆ. ಹಿಂದಿನಿಂದ ಮಗಳು ಬಂದು ನನ್ನ ಕೈ ಜಗ್ಗಿದಳು. "ಬೇಡಮ್ಮ. ಅವಳಾದ್ರೂ ಆಡ್ಲಿ," ಎಂದಳು.

ದುಬೈಯ ಪಂದ್ಯಗಳ ದಿನ ಅವಳು ಸೋಫಾದಲ್ಲಿ ಕಾಲು ಮಡಚಿ ಕೂತು ಫೋನಿನಲ್ಲಿ ನೋಡಿದಳು. ಗೆಳತಿ ಇವಳ ಜಾಗದಲ್ಲಿ ನಿಂತು ಆಡಿದಳು, ಗೋಲೂ ಹೊಡೆದಳು. ಇವಳು ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ಕೇಳಲಾರದೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನನ್ನ ಗಂಡನ ಜೊತೆ ನಾನು ಎಷ್ಟೋ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮಗಳು ಮಾತ್ರ ಹಾಗೆ ಮಾಡಲಿಲ್ಲ. ಅಪ್ಪನಿಗೆ ಟೀ ಕೊಡುತ್ತಿದ್ದಳು, ಅವರ ಹಳಸಲು ಜೋಕಿಗೂ ನಗುತ್ತಿದ್ದಳು. ಇದ್ಯಾವ ತಾಳ್ಮೆಯಪ್ಪಾ ಇವಳದ್ದು ಎಂದು ನನಗೇ ಆಶ್ಚರ್ಯ.

ಪರೀಕ್ಷೆ ಮುಗಿಯುವ ಹೊತ್ತಿಗೆ ಕ್ಲಬ್ಬಿನ ಹುಡುಗರ ಪಂದ್ಯದಲ್ಲಿ ಇನ್ನೊಂದು ಹೊಡೆದಾಟವಾಯಿತು. ಈ ಸಲವೂ ವಿಡಿಯೋ ಸ್ಪಷ್ಟವಿರಲಿಲ್ಲ. ಸಮಿತಿಯವರು ಗುಂಪಿನಲ್ಲಿದ್ದ ಎಲ್ಲರನ್ನೂ ಸಮನಾಗಿ ಎರಡು ಪಂದ್ಯ ಹೊರಗಿರಿಸಿ ಕೈ ತೊಳೆದುಕೊಂಡರು. ಆಮೇಲೆ ಮೇಷ್ಟ್ರು ಫೋನ್ ಮಾಡಿ, ನಿಮ್ಮ ಮಗಳ ವಿಷಯದಲ್ಲಿ ನಾವು ಎಡವಿದೆವು, ಅವಳ ಮೇಲಿನ ನಿಷೇಧ ತೆಗೆದಿದ್ದೇವೆ ಎಂದರು. ಆಡಲಿಕ್ಕೆ ಪಂದ್ಯವೇ ಉಳಿದಿರಲಿಲ್ಲ. ಬೇಸಿಗೆಯ ಬಿಸಿಲಿಗೆ ಆ ವರ್ಷದ ಆಟ ಮುಗಿದಿತ್ತು.

ನನ್ನ ಗಂಡನಿಗೆ ಮಾತ್ರ ಖುಷಿಯೋ ಖುಷಿ. ಊಟಕ್ಕೆ ಕೂತಾಗ, "ನೋಡಿದ್ಯಾ ಪುಟ್ಟಿ, ಅವರೇ ಫೋನ್ ಮಾಡಿ ಹೇಳಿದ್ರು!" ಎಂದರು.

ಅವಳು ಅನ್ನ ಕಲಸುತ್ತಾ ತಲೆ ಎತ್ತದೆ ಕೇಳಿದಳು. "ಅಪ್ಪ, ಈಗಲಾದ್ರೂ ನಂಬ್ತೀಯಾ? ನಾನು ಹೊಡೆದಿರ್ಲಿಲ್ಲ."

"ಅಯ್ಯೋ ಹುಚ್ಚಿ, ಅವತ್ತೇ ಗೊತ್ತಿತ್ತಲ್ಲ ನನಗೆ! ನನ್ನ ಮಗಳು ಹೊಡೆಯೋಳಾ? ಕಾರಲ್ಲಿ ನೀನು ಹೇಳಿದಾಗ್ಲೇ ನಂಬಿದ್ದೆ." ಸಮಾಧಾನ ಹೇಳುವ ಹಾಗೆ ಅವಳ ತಲೆ ಸವರಲು ಕೈ ಚಾಚಿದರು.

ಅವಳು ತಲೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ನೀನು ನಂಬಿಲ್ಲ, ಹಾಗಾಗಿ ಸಾರಿ ಹೇಳಿಸ್ದೆ ಅಂದ್ಕೊಂಡಿದ್ದೆ ಅಪ್ಪ," ಎಂದಳು. "ಅದಕ್ಕೇ ಕ್ಷಮಿಸಿದ್ದೆ."