ಕೊನೆಯ ಕಂಬದ ಕರೆಂಟು

ಗಡಿಯಾಚೆ ಮಲಯಾಳದ ನೆಲದಲ್ಲಿ, ತಿರುನೆಲ್ಲಿ ದಾರಿಯಲ್ಲಿ, ಕರೆಂಟಿನ ಲೈನು ಮುಗಿದು ಕಾಡು ಶುರುವಾಗುವ ಕಡೆ ನಮ್ಮ ಮನೆ. ಜಗಲಿಯೇ ನನ್ನ ಮೋಟರ್ ವೈಂಡಿಂಗ್ ಶಾಪು. ಕಾಫಿ ಹೂವಿಗೆ ನೀರು ಹೊಡೆಯುವ ತಿಂಗಳುಗಳಲ್ಲಿ ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಓಡುತ್ತವೆ, ವೋಲ್ಟೇಜು ಬೀಳುತ್ತದೆ, ಮೋಟರುಗಳು ಸುಟ್ಟು ನನ್ನ ಜಗಲಿಗೆ ಬರುತ್ತವೆ. ಸುಟ್ಟ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತೇನೆ. ಕೊಡುವಾಗ ಒಬ್ಬರನ್ನೂ ಬಿಡದೆ ಬೈಯುತ್ತೇನೆ.

"ವೋಲ್ಟೇಜ್ ನೋಡ್ದೆ ಸ್ವಿಚ್ ಹಾಕ್ಬ್ಯಾಡಿ ಅಂತ ಎಷ್ಟ್ ಸಲ ಹೇಳೋದು?"

ಹೋದ ಮಳೆಗಾಲದಲ್ಲಿ ಮಾನಂದವಾಡಿಯಿಂದ ಒಬ್ಬ ಗಿಟಾರ್ ನುಡಿಸುವವನು ಬಂದ. ಭಾನುವಾರ ಚರ್ಚಿನಲ್ಲಿ, ಉಳಿದ ದಿನ ಗಾನಮೇಳಗಳಲ್ಲಿ ನುಡಿಸುವವನು. ನನ್ನನ್ನು 'ಚೇಚಿ', ಅಂದರೆ ಅಕ್ಕ, ಎನ್ನುತ್ತಿದ್ದ. ಅವನ ಮಲಯಾಳವನ್ನು ಇಲ್ಲಿ ಕನ್ನಡ ಮಾಡಿಕೊಂಡಿದ್ದೇನೆ. ಅವನ ವಿದೇಶಿ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಸುತ್ತಿ ಕೊಟ್ಟೆ. ಜಗಲಿಯಲ್ಲೇ ಕೂತು ನುಡಿಸಿ ನೋಡಿದ. ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು ಒಳಗೆ ಕೆಂಪಗೆ ಬೆಳಗುತ್ತಿದ್ದವು. ಮೆಲ್ಲಗೆ ಮೀಟಿದರೆ ತಿಳಿಯಾದ ದನಿ, ಒತ್ತಿ ಮೀಟಿದರೆ ಅದೇ ದನಿ ಅಂಚಿನಲ್ಲಿ ಒಡೆದು ಗೊಗ್ಗರಾಗುತ್ತಿತ್ತು. ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾನು ಸುತ್ತಿದ ತಂತಿಗಳು ನೀರನ್ನಷ್ಟೇ ಎತ್ತಿದ್ದವು.

"ಇಂಥದ್ದೊಂದನ್ನು ನಿನಗೆ ನಾನೇ ಮಾಡಿಕೊಡ್ತೀನಿ," ಅಂದುಬಿಟ್ಟೆ. ಅಂದ ಮೇಲೆ ನಿದ್ದೆ ಹತ್ತಲಿಲ್ಲ.

ಪೆಟ್ಟಿಗೆಗೆ ತೋಟದ ಸಿಲ್ವರ್ ಓಕ್ ಹಲಗೆ, ಸ್ಪೀಕರಿನ ಮುಂದೆ ಹಳೇ ಕಾಫಿ ಚೀಲದ ಗೋಣಿ ಬಟ್ಟೆ. ತಿರುಪು ಎರಡೇ: ಒಂದು ಸದ್ದಿಗೆ, ಇನ್ನೊಂದು ದನಿಯ ಬಣ್ಣಕ್ಕೆ. ಮೂರನೆಯದೊಂದು ಇರಲಿ ಎಂದು ಅವನು ಗೋಗರೆದ. ಮೂರು ಬೇಕಿದ್ದರೆ ಅಂಗಡಿಯಲ್ಲಿ ಕೊಂಡುಕೋ ಎಂದೆ. ಕಾಫಿ ಹೂವಿನ ತಿಂಗಳಲ್ಲಿ ಕೆಲಸ ಮುಗಿಯಿತು. ನನ್ನ ಲೆಕ್ಕದ ಪ್ರಕಾರ ವಾಲ್ವಿಗೆ ಮುನ್ನೂರ ನಲವತ್ತು ವೋಲ್ಟು ಬರಬೇಕಿತ್ತು, ಇನ್ನೂರ ಅರವತ್ತು ಬಂತು. ಆದರೆ ದನಿ ಕೇಳಿದರೆ ಕಿವಿಗೆ ಬೆಣ್ಣೆ ಸವರಿದ ಹಾಗಿತ್ತು. ನನ್ನ ಕಿವಿಗಿಂತ ಮೀಟರು ದೊಡ್ಡದೇ ಎಂದುಕೊಂಡು ಸುಮ್ಮನಾದೆ.

ಅವನು ಬಂದು ನುಡಿಸಿದ. ಒಂದು ಗಂಟೆ ಏಳಲೇ ಇಲ್ಲ. ಬರುವ ಭಾನುವಾರ ಮಾನಂದವಾಡಿಯ ಒಂದು ಹಾಲ್‌ನಲ್ಲಿ ದೊಡ್ಡ ಕಾರ್ಯಕ್ರಮ, ಇದರಲ್ಲೇ ನುಡಿಸುತ್ತೇನೆ, ಮಾಡಿದ್ದು ನೀವು ಎಂದು ವೇದಿಕೆಯಲ್ಲೇ ಹೇಳುತ್ತೇನೆ ಎಂದ. ನಾನು ಹಿಗ್ಗಿ ಹೀರೇಕಾಯಿಯಾದೆ. ಬೆಸುಗೆಗಳನ್ನು ಇನ್ನೊಮ್ಮೆ ನೋಡಿ, ಮರುದಿನ ಪೆಟ್ಟಿಗೆಯನ್ನು ಅವನಿಗೆ ಪೇಟೆಗೆ ಕಳಿಸಿಕೊಟ್ಟೆ.

ಮೂರನೇ ದಿನ ಫೋನು ಬಂತು.

"ಚೇಚಿ, ನಿಮ್ಮ ಜಗಲಿಯಲ್ಲಿ ನನಗೆ ಕೇಳಿಸಿದ್ದು ಈ ಪೆಟ್ಟಿಗೆ ಅಲ್ಲ. ಕಳಿಸುವ ಮುಂಚೆ ಒಳಗೆ ಏನೋ ಬದಲಾಯಿಸಿದ್ದೀರಿ."

ನನಗೆ ಪಿತ್ತ ನೆತ್ತಿಗೇರಿತು. ಉಪಕರಣದ ಚೀಲ ಹೆಗಲಿಗೆ ಹಾಕಿ ಸಿಕ್ಕಿದ ಬಸ್ಸು ಹತ್ತಿದೆ. ಹಾಲ್‌ನಲ್ಲಿ ಅವನು ಒಂದೇ ತಂತಿ ಮೀಟಿದ; ತಗಡಿಗೆ ಕಲ್ಲು ಬಿದ್ದ ಹಾಗೆ ಕೇಳಿಸಿತು. ವಾಲ್ವು ಬದಲಿಸಿದೆ, ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದೆ. ಜಪ್ಪಯ್ಯ ಅಂದರೂ ಆ ದನಿ ಬರಲಿಲ್ಲ.

"ಹೋಗಲಿ ಬಿಡಿ ಚೇಚಿ, ಭಾನುವಾರ ಹಳೆಯದರಲ್ಲೇ ನುಡಿಸ್ತೀನಿ," ಎಂದ, ನನ್ನ ಮುಖ ನೋಡದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೋಸಗಾರ್ತಿ ಎಂದು ಮನಸ್ಸಿನಲ್ಲೇ ಮುದ್ರೆ ಒತ್ತಿದವನಿಗೆ ಏನು ಹೇಳುವುದು?

"ಪೆಟ್ಟಿಗೆ ಕಾರಿಗೆ ಹಾಕು. ನಮ್ಮನೆಗೆ ನಡಿ," ಎಂದೆ.

ಸಂಜೆ ಐದಕ್ಕೆ ಜಗಲಿಯಲ್ಲಿ ಪ್ಲಗ್ಗು ಚುಚ್ಚಿದೆವು. ಅವನು ಮೀಟಿದ. ಅದೇ ಬೆಣ್ಣೆ. ಇಬ್ಬರೂ ದೆವ್ವ ಕಂಡವರಂತೆ ಪೆಟ್ಟಿಗೆಯನ್ನೇ ನೋಡುತ್ತ ಕೂತೆವು. ಆಗ ಅಡುಗೆಮನೆಯಿಂದ ನನ್ನ ಅತ್ತೆಯ ದನಿ ಬಂತು.

"ಬಂದೋರ್ಗೆ ವಸಿ ಇರಾಕೆ ಹೇಳವ್ವ. ಪಂಪ್ ನಿಲ್ಲೋಗಂಟ ಮಿಕ್ಸಿ ತಿರ್ಗಾಕಿಲ್ಲ. ಒರಳಲ್ಲೇ ರುಬ್ತಾ ಇವ್ನಿ, ಊಟ ತಡ ಆಯ್ತದೆ."

ಸ್ಕ್ರೂಡ್ರೈವರ್ ಬಿಸಾಕಿ ಎದ್ದೆ. ಮೀಟರಿನ ಕಡ್ಡಿಗಳನ್ನು ಗೋಡೆಯ ಪ್ಲಗ್ಗಿಗೆ ತುರುಕಿದೆ. ನೂರ ಎಪ್ಪತ್ತೈದು. ಪೇಟೆಯಲ್ಲಿ ಬರುವುದು ಇನ್ನೂರ ಮೂವತ್ತು. ಗೋಡೆಯ ಮೇಲೇ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ: ಗೋಡೆಯಲ್ಲಿ ಅಷ್ಟು ಇಳಿದರೆ ವಾಲ್ವಿನಲ್ಲಿ ಮುನ್ನೂರ ನಲವತ್ತು ಇಳಿದು ನಿಲ್ಲುವುದು ಸರಿಸುಮಾರು ಆ ಇನ್ನೂರ ಅರವತ್ತಕ್ಕೇ. ಹೊಟ್ಟೆ ತುಂಬ ಕರೆಂಟು ಸಿಗದ ವಾಲ್ವುಗಳು ಬೇಗ ಬಳಲಿ, ಮೆತ್ತಗಾಗಿ ನುಡಿಯುತ್ತಿದ್ದವು. ನಾನು ಮೆಚ್ಚಿದ್ದು, ಅವನು ಮೆಚ್ಚಿದ್ದು, ನಮ್ಮ ಕೊನೆಯ ಕಂಬದ ಸೊರಗಿದ ಕರೆಂಟನ್ನು. ಊರಿಗೆಲ್ಲ ವೋಲ್ಟೇಜ್ ನೋಡಿ ಎಂದು ಬೈಯುವ ನಾನು ನನ್ನ ಗೋಡೆಗೇ ಮೀಟರ್ ಹಿಡಿದಿರಲಿಲ್ಲ. ಬಿದ್ದು ಬಿದ್ದು ನಕ್ಕೆ. ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು.

ಭಾನುವಾರಕ್ಕೆ ಮೂರು ದಿನ ಇತ್ತು. ಟ್ರಾನ್ಸ್‌ಫಾರ್ಮರ್ ಬಿಚ್ಚಿ, ವಾಲ್ವಿಗೆ ಹೆಚ್ಚಿನ ವೋಲ್ಟೇಜು ಒದಗಿಸುವ ಸುತ್ತುಗಳಲ್ಲಿ ಸುಮಾರು ಕಾಲು ಭಾಗ ಕಳೆದೆ. ವಾಲ್ವಿನೊಳಗೆ ಕೆಂಪಗೆ ಕಾಯುವ ಎಳೆಗೆ ಹೋಗುವ ಸುತ್ತನ್ನು ಮಾತ್ರ ಮುಟ್ಟಲಿಲ್ಲ. ಅದು ಅರೆಹೊಟ್ಟೆಯಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಇನ್ನು ಪೇಟೆಯ ಪೂರ್ತಿ ಕರೆಂಟು ಒಳಗೆ ಹೋದರೂ ವಾಲ್ವಿಗೆ ಸಿಗುವುದು ನಮ್ಮ ಜಗಲಿಯಲ್ಲಿ ಸಿಗುತ್ತಿದ್ದಷ್ಟೇ.

ಭಾನುವಾರ ಬೆಳಿಗ್ಗೆ ಹಾಲ್‌ನ ಗೋಡೆಗೆ ಮೊದಲು ಮೀಟರ್ ಹಿಡಿದೆ. ಇನ್ನೂರ ಮೂವತ್ತೊಂದು. ಅವನು ಮೀಟಿದ ಮೊದಲ ಸ್ವರಕ್ಕೇ ಖಾಲಿ ಕುರ್ಚಿಗಳ ಆ ಹಾಲ್ ನಮ್ಮ ಜಗಲಿಯಾಯಿತು. ಕುಣಿಯಬೇಕು ಅನ್ನಿಸಿತು, ಸ್ವಲ್ಪ ಕುಣಿದೆ ಕೂಡ.

"ನಿಮ್ಮ ಮೇಲೆ ಅನುಮಾನ ಪಟ್ಟೆ ಚೇಚಿ, ತಪ್ಪಾಯ್ತು," ಎಂದ.

"ಆಮೇಲೆ ಹೇಳುವಿಯಂತೆ, ಈಗ ನುಡಿಸು," ಎಂದೆ.

ಕಾರ್ಯಕ್ರಮ ಮುಗಿಸಿ ಮನೆಗೆ ಬಂದವಳೇ ಅಡುಗೆಮನೆಗೆ ನುಗ್ಗಿದೆ. ಅತ್ತೆ ಒರಳಿನ ಮುಂದೆ ಕಾಯಿ ರುಬ್ಬುತ್ತ ಕೂತಿದ್ದರು.

"ಪೇಟೇಲೂ ನಮ್ಮನೆ ಕರೆಂಟಲ್ಲಿ ನುಡ್ದಂಗೇ ನುಡಿಯೋ ಹಂಗ್ ಮಾಡ್ಬುಟ್ಟೆ ಅತ್ತೆ."

ಅವರು ಗುಂಡುಕಲ್ಲು ನಿಲ್ಲಿಸಿದರು.

"ಹಂಗಾರೆ ನಮ್ಮನೇಲಿ ಪೇಟೆ ಕರೆಂಟ್ ಬರೋ ಹಂಗೆ ನನ್ ಮಿಕ್ಸಿಗೂ ಒಂದ್ ಸುತ್ಕೊಡಾಕೆ ಆಗಾಕಿಲ್ವ?"

ಚುಚ್ಚಿ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಆಗುತ್ತಿತ್ತು. ವೋಲ್ಟೇಜು ಏರಿಸುವ ಪೆಟ್ಟಿಗೆಯನ್ನು ಎಷ್ಟೋ ತೋಟದವರಿಗೆ ಸುತ್ತಿ ಕೊಟ್ಟಿದ್ದೇನೆ, ಅರ್ಧ ದಿನದ ಕೆಲಸ. ನನ್ನ ಕಿವಿ ಭಾರಿ ಚುರುಕು ಎಂದು ಮೆರೆದವಳು ನಾನು. ಮದುವೆಯಾಗಿ ಬಂದ ಒಂಬತ್ತು ವರ್ಷದಿಂದ, ಗೋಡೆಯ ಈಚೆ ಕೂತು, ಸಂಜೆಯೆಲ್ಲ ಆ ಒರಳಿನ ಸದ್ದು ಕೇಳುತ್ತಲೇ ಇದ್ದೆ. ನಾಚಿಕೆಯಾಯಿತು.

ಮರುದಿನ ಸಂಜೆ, ಸುತ್ತಲಿನ ಪಂಪುಗಳೆಲ್ಲ ಓಡುತ್ತಿರುವಾಗಲೇ, ಅಡುಗೆಮನೆಯಲ್ಲಿ ಮಿಕ್ಸಿ ಕಿರುಚಿತು. ಅತ್ತೆ ಎರಡೂ ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದು ನಗುತ್ತಿದ್ದರು.