ಚೆಲ್ಲಮ್ಮ ಬಾಗಿಲು ತೆಗೆದ ಹೊತ್ತು

ಚಾಮರಾಜನಗರದ ಕಡೆಯ ಬೇಗೂರಿಗೆ ಕೆಲಸಕ್ಕೆ ಬಂದ ಮೊದಲ ದಿನ. ನಾನಿನ್ನೂ ತಟ್ಟೆಗೆ ಕೈ ಹಾಕಿರಲಿಲ್ಲ. ಮನೆಯೊಡತಿ ಚೆಲ್ಲಮ್ಮ ಎದ್ದು ಬಾಗಿಲು ತೆಗೆದು ಖಾಲಿ ಬೀದಿಗೆ ಕೂಗಿದರು: "ಉಣ್ದಿರೋರು ಯಾರಾರ ಇದ್ದೀರಾ?" ಯಾರೂ ಬರಲಿಲ್ಲ. ಚೆಲ್ಲಮ್ಮ ಒಳಗೆ ಬಂದು ಕೂತು ಉಂಡರು. ನನಗೆ ಭಯವೇ ಆಯಿತು.

ಧಾರವಾಡದ ನಮ್ಮ ಓಣಿಯಲ್ಲಿ ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದಿಲ್ಲ. ಆದರೆ ಬಾರದವರನ್ನು ಯಾರೂ ಕೂಗುವುದಿಲ್ಲ. ಚೆಲ್ಲಮ್ಮ ಗಡಿಯಾಚೆಯ ತಾಳವಾಡಿ ಕಡೆಯವರು. ತಮಿಳು ಮೇಷ್ಟರಾಗಿದ್ದ ತಂದೆ ಹಳೆಯ ನೀತಿಪದ್ಯಗಳನ್ನು ಬಾಯಿಪಾಠ ಮಾಡಿಸಿದ್ದರಂತೆ. 'ವಿರುಂದು', ಎಂದರೆ ಅತಿಥಿ, ಹೊರಗೆ ನಿಂತಿರುವಾಗ ಒಳಗೆ ಉಣ್ಣುವುದನ್ನು ಆ ಪದ್ಯಗಳು ಒಪ್ಪುವುದಿಲ್ಲ.

ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. "ಹಂಗಾರೆ ನೀನೂ ವಿರುಂದೇ ಕಣಮ್ಮಿ" ಎಂದು ಚೆಲ್ಲಮ್ಮ ನಗುತ್ತಿದ್ದರು. ನಾನು ಮುದ್ದೆ ಜಗಿದರೆ, "ನುಂಗಮ್ಮಿ, ಅದೇನು ಚಕ್ಲಿಯಾ ಅಗ್ಯಕ್ಕೆ?" ಸಂಜೆಗೊಂದು ಪದ್ಯ ಕಲಿಸುತ್ತಿದ್ದರು. ಊರು ನೆನೆದು ಅಳುತ್ತಿದ್ದವಳು ಪದ್ಯ ಒಪ್ಪಿಸುವ ಭರದಲ್ಲಿ ಅಳು ಮರೆತೆ. ಒಂದು ದಿನ ಬಾಗಿಲಲ್ಲಿ ನಿಂತು ಕೂಗುವ ಸರದಿಯನ್ನು ನನಗೇ ಕೊಟ್ಟರು. ಈ ಮನೆ ನನ್ನದೂ ಅನಿಸಿದ್ದು ಅಂದೇ.

ಮುಂದೊಂದು ಬೆಳಿಗ್ಗೆ ಕಾಡಿನಿಂದ ಬಂದ ಆನೆಯನ್ನು ಜನ ಓಡಿಸುತ್ತಿದ್ದರು. ಅದು ಬೆದರಿ ನಮ್ಮ ಬೀದಿಗೇ ನುಗ್ಗಿತು. ಎಲ್ಲ ಬಾಗಿಲುಗಳೂ ಮುಚ್ಚಿಕೊಂಡವು. ಚೆಂಡು ಹೂ ಬಿಡಿಸಲು ಬಂದಿದ್ದ ಹೆಂಗಸೊಬ್ಬಳು, ಯಾವೂರಿನವಳೋ, ನಮ್ಮ ಬಾಗಿಲು ಬಡಿದಳು.

"ಅಕ್ಕಾ, ತೆಗೀರಕ್ಕಾ!"

"ಬ್ಯಾಡ್ರಿ, ಆನಿ ಬಂತ್ರಿ!" ನಾನು ಚೆಲ್ಲಮ್ಮನ ಸೆರಗು ಹಿಡಿದೆ.

"ಬುಡಮ್ಮಿ. ಆಚೆ ನಿಂತವ್ಳೆ ಅವ್ಳು."

ಅಗುಳಿ ತೆಗೆದರು. ಆ ಹೆಂಗಸು ಹೊಸ್ತಿಲಲ್ಲಿ ಎಡವಿ ಬಿದ್ದಳು. ಚೆಲ್ಲಮ್ಮ ಜಗಲಿಗೆ ಇಳಿದು ಅವಳನ್ನು ಒಳಕ್ಕೆ ತಳ್ಳಿದರು. ಮುಂದಿನದು ಪಾಠದ ನಡುವೆ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ನನ್ನ ಕಣ್ಣೆದುರು ಮತ್ತೆ ನಡೆಯುತ್ತದೆ: ಆನೆ ಅಡ್ಡ ಬಂದು ಬಾಗಿಲಿನ ಬೆಳಕು ಹೋಯಿತು. ಜಗಲಿಯ ಕಂಬ ಮುರಿಯಿತು. ಬೆಳಕು ಬಂದಾಗ ಚೆಲ್ಲಮ್ಮ ಬೀದಿಯಲ್ಲಿ ಬಿದ್ದಿದ್ದರು.

ಚಾಮರಾಜನಗರದ ದಾರಿಯಲ್ಲಿ, ಆಂಬುಲೆನ್ಸ್‌ನಲ್ಲಿ, ಒಮ್ಮೆ ಕಣ್ಣು ಬಿಟ್ಟರು. "ಅವ್ಳು ಏನಾರ ಉಂಡ್ಳಾ?"

"ಉಣ್ಣಾಕ ಕೊಡ್ತೀನ್ರಿ" ಎಂದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಬೇಗೂರಿನಲ್ಲಿ ಈಗ ಯಾರು ಬಾಗಿಲು ತಟ್ಟಿದರೂ ಅಗುಳಿ ತೆಗೆಯುವ ಮೊದಲು ಬಾಗಿಲಿಗೆ ಕಿವಿಯಿಟ್ಟು ಆನೆಯ ಸದ್ದಿದೆಯೇ ಎಂದು ಕೇಳುತ್ತೇನೆ. ರಜೆಗೆ ಧಾರವಾಡಕ್ಕೆ ಬಂದರೆ, ಅವ್ವ ರೊಟ್ಟಿ ಬಡಿಸುತ್ತಿದ್ದಂತೆ ಎದ್ದು ಬಾಗಿಲಿಗೆ ಹೋಗುತ್ತೇನೆ.

"ಎಲ್ಲಿಗೆ ಹೊಂಟಿ? ರೊಟ್ಟಿ ಆರಾಕತ್ತಾವ!"

ಓಣಿಯ ಕಡೆ ಕೂಗುತ್ತೇನೆ. ಬಾಯಿಗೆ ಬರುವುದು ಚೆಲ್ಲಮ್ಮನ ಮಾತೇ: "ಉಣ್ದಿರೋರು ಯಾರಾರ ಇದ್ದೀರಾ?" ಹುಟ್ಟಿದಾಗಿನಿಂದ ನನ್ನನ್ನು ಬಲ್ಲ ಎದುರುಮನೆಯವರು, ನಾನು ಯಾವೂರಿನವಳೋ ಎಂಬಂತೆ ಕಿಟಕಿಯಿಂದ ನೋಡುತ್ತಾರೆ.